ಗಿರಣಿ ಮೇಲಿನ ಮನೆಯ ಗಿಲಕಿ

ನಾನು ಒಂದು ಗಿಲಕಿ ಕಣ್ರೀ. ಮಗು ಮುಂದೆ ಅಲ್ಲಾಡಿಸ್ತಾರಲ್ಲ, ಅದೇ. ಈಗ ಹೊಟ್ಟೆ ಸೀಳಿದೆ, ಬಣ್ಣ ಹೋಗಿದೆ, ಮೈಗೆಲ್ಲ ಕರೀ ಟೇಪು. ಹುಟ್ಟಿದಾಗ ಹಿಂಗಿರ್ಲಿಲ್ಲ. ಚನ್ನಪಟ್ಟಣದ ಬಾಬಾಜಾನ್ ಸಾಬ್ರು ಮರ ಕಡೆದು, ಹಳದಿ ಅರಗು ಬಳಿದು, ಹೊಟ್ಟೇಲಿ ಸಣ್ಣ ಕಲ್ಲು ತುಂಬಿ, ಕಿವಿ ಹತ್ರ ಅಲ್ಲಾಡಿಸಿ ನೋಡಿದ್ರು. "ಮಾತಾಡ್ತೈತೆ, ಕಳಿಸು," ಅಂದ್ರು. ಅಷ್ಟೇ ನನ್ನ ಜಾತಕ.

ನನ್ನ ಕೊಂಡೋರು ಮದ್ದೂರಿನ ಪುಟ್ಟತಾಯಮ್ಮ. ಕೆಳಗೆ ಅವರದೇ ಹಿಟ್ಟಿನ ಗಿರಣಿ, ಮೇಲೆ ಹಲಗೆ ಹಾಸಿದ ಮನೆ. ಗಿರಣಿ ಓಡಿದ್ರೆ ನೆಲ, ತಟ್ಟೆ, ಲೋಟ ಎಲ್ಲಾ ಗುಂಯ್ ಅಂತ ನಡುಗೋವು. ಅವರ ಮಗ ಲೋಕೇಶನಿಗೆ ಅಂತ ನನ್ನ ತಂದಿದ್ದು. ಆ ಪೋರ ನನ್ನ ಸದ್ದಿಗೆ ಎಲ್ಲಿದ್ರೂ ಕತ್ತು ತಿರುಗಿಸೋನು. ಕಚ್ಚಿದ, ಎಸೆದ, ದೊಡ್ಡೋನಾದ. ನಾನು ಪೆಟ್ಟಿಗೆ ಸೇರಿದೆ.

ಆಮೇಲೆ ಲೋಕೇಶನಿಗೆ ಮದುವೆ ಆಯ್ತು, ಹೆಂಡ್ತಿ ಶಶಿರೇಖ ಬಂದ್ಲು, ಪ್ರಣೀತ ಅಂತ ಹೆಣ್ಣುಮಗು ಹುಟ್ತು. ನನ್ನ ಮತ್ತೆ ಈಚೆ ತೆಗೆದ್ರು.

ಮಗು ಬೋರಲು ಬಿತ್ತು, ಮನೇಲಿ ದೋಸೆ. ಹೊಸ್ತಿಲು ದಾಟ್ತು, ತೆಂಗಿನಕಾಯಿ ಒಡೆದು ಬೀದಿಗೆಲ್ಲ ಹಂಚಿದ್ರು. ಎಲ್ಲಾ ಹೊತ್ತುಹೊತ್ತಿಗೆ ಸರಿಯಾಗಿ. ನನ್ನ ಕಣ್ಮುಂದೆ ಹಿಡಿದ್ರೆ ಬಾಚಿಕೊಳ್ಳೋಳು. ಬೆನ್ನಹಿಂದೆ ಅಲ್ಲಾಡಿಸಿದ್ರೆ ಊಹೂಂ. ಸದ್ದಿಗೆ ತಿರುಗಿ ನೋಡ್ತು ಅಂತ ಯಾರ ಮನೇಲೂ ದೋಸೆ ಹಾಕಲ್ಲ ನೋಡಿ. ಅದಕ್ಕೇ ತಿರುಗದೇ ಇದ್ದಿದ್ದೂ ಯಾರ ಕಣ್ಣಿಗೂ ಬೀಳ್ಲಿಲ್ಲ.

ಬಿದ್ದಿದ್ದು ತಾಯಿ ಕಣ್ಣಿಗೆ. "ಅತ್ತೆ, ಎಷ್ಟು ಕೂಗಿದ್ರೂ ಇವಳು ತಿರುಗಲ್ಲ. ತೊದಲೂ ಇಲ್ಲ. ಡಾಕ್ಟ್ರಿಗೆ ತೋರಿಸೋಣ."

"ನಿನ್ ಗಂಡನೂ ತಡವಾಗೇ ಮಾತಾಡಿದ್ದು. ಈಗ ಬಾಯಿ ಮುಚ್ತಾನಾ?" ಅಂದ್ರು ಪುಟ್ಟತಾಯಮ್ಮ. "ಗಿರಣಿ ನಿಂತ ತಕ್ಷಣ ಈ ಮಗು ನಿದ್ದೆಯಿಂದ ಎದ್ದು ಅಳುತ್ತೆ. ಕಿವಿ ಕೇಳ್ದೆ ಏಳುತ್ತೇನೇ? ಕೆಟ್ಟ ಮಾತು ಆಡ್ಬೇಡ."

ಆ ಮಾತಿಗೆ ಶಶಿರೇಖ ಮಗು ಎತ್ಕೊಂಡು ಒಳಗೆ ಹೋಗೋಳು. ಲೋಕೇಶನೂ ತಲೆ ಆಡಿಸೋನು. ನಂಗೆ ಗೊತ್ತಿತ್ತು ಕಣ್ರೀ! ಮಗುಗೆ ಗಿರಣಿ ಸದ್ದು ಕೇಳ್ತಿರ್ಲಿಲ್ಲ. ಹಲಗೆ ನಡುಗೋದು ನಿಂತಿದ್ದು ಅದರ ಬೆನ್ನಿಗೆ ಗೊತ್ತಾಗ್ತಿತ್ತು. ನಾನೂ ಅದೇ ಹಲಗೆ ಮೇಲೆ ಬಿದ್ದಿರ್ತಿದ್ದೆ ತಾನೆ. ಹೇಳೋಣ ಅಂದ್ರೆ ನಂಗೆ ಬರೋದು ಗಿಲಗಿಲ ಒಂದೇ.

ಒಂದಿನ ಗಿರಣಿ ಮೋಟರ್ ಸುಟ್ಟೋಯ್ತು. ಮನೆಯೆಲ್ಲ ಸ್ತಬ್ಧ. ಮಗು ಡಬ್ಬಿ ಮುಚ್ಚಳ ಇಟ್ಕೊಂಡು ಆಡ್ತಿತ್ತು. ಶಶಿರೇಖ ಹಿಂದೆ ಕೂತು ನನ್ನ ಅಲ್ಲಾಡಿಸಿದ್ಲು. ತಿರುಗ್ಲಿಲ್ಲ.

"ಇದನ್ನ ಅಲ್ಲಾಡ್ಸೋಕೂ ಬರಲ್ವಾ ನಿಂಗೆ? ಕೊಡಿಲ್ಲಿ," ಅಂತ ಪುಟ್ಟತಾಯಮ್ಮ ಕಿತ್ಕೊಂಡ್ರು. ಅಲ್ಲಾಡಿಸಿದ್ರು. ಕಿವಿ ಹಿಂದೇನೇ ಹಿಡಿದು, ರೋಷ ಬಂದೋರ ಹಂಗೆ ಅಲ್ಲಾಡಿಸಿದ್ರು. ಕೈ ತಪ್ಪಿ ನಾನು ಬಾಗಿಲಿಗೆ ಬಡಿದೆ, ಹೊಟ್ಟೆ ಸೀಳ್ತು. ಕಲ್ಲು ಉರುಳ್ಕೊಂಡು ಮಗು ಮುಂದೆ ಬಂತು. ಕಂಡಿದ್ದೇ ಕಿಲಕಿಲ ನಕ್ತು! ಬಾಯಿಗೆ ಹಾಕೋಷ್ಟರಲ್ಲಿ ಶಶಿರೇಖ ಬಾಚಿಕೊಂಡ್ಲು.

ಪುಟ್ಟತಾಯಮ್ಮ ಮೆಲ್ಲಗೆ ಬಗ್ಗಿ ಹಲಗೆ ಮೇಲೆ ಅಂಗೈ ಇಟ್ರು. ನಡುಕ ಇಲ್ಲ. "ಅಯ್ಯೋ ಮುಂಡೇದೇ, ಇದಾ? ನಿಂಗೆ ಗೊತ್ತಾಗ್ತಿದ್ದಿದ್ದು ಇದಾ?" ಅಂದ್ರು ಮಗುನ ನೋಡಿ. ಸೊಸೆ ಮುಖ ನೋಡೋಕೆ ಆಗ್ಲಿಲ್ಲ ಅವರಿಗೆ.

ಮೈಸೂರಿಗೆ ಕರ್ಕೊಂಡು ಹೋದ್ರು. ಇನ್ನೂ ಮುಂಚೆ ಬರ್ಬೇಕಿತ್ತು ಅಂದ್ರಂತೆ ಡಾಕ್ಟ್ರು. ಮಗು ಕಿವಿಗೆ ಮಿಷನ್ ಬಂತು, ನನ್ನ ಹೊಟ್ಟೆಗೆ ಕಲ್ಲು ವಾಪಸ್ ಹೋಗಿ ಮೇಲೆ ಟೇಪು ಬಂತು. ದಿನಾ ಬೆಳಗ್ಗೆ ಪುಟ್ಟತಾಯಮ್ಮ ಮಗು ಹಿಂದೆ ಕೂತು ನನ್ನ ಅಲ್ಲಾಡಿಸ್ತಾರೆ. ವಯಸ್ಸಾದ ಗಂಟಲು ನಂದು, ಮೊದಲಿನ ಸದ್ದಿಲ್ಲ. ಮಗು ತಿರುಗದಿದ್ರೆ ತಪ್ಪು ಅದರದ್ದೋ ನಂದೋ ಅಂತ ಕೊರಗ್ತೀನಿ.

ನಿನ್ನೆ ಗಿರಣಿ ಮುಂದೆ ರಾಗಿ ಚೀಲ ಹಿಡ್ಕೊಂಡು ಜನವೋ ಜನ. ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ನಿಂತು ಕೂಗಿದ್ರು: "ಲೋಕೇಶಾ, ನಿಲ್ಸೋ ಗಿರಣಿ!"

"ಅಮ್ಮಾ, ಜನ ಕಾಯ್ತಾವ್ರೆ."

"ಕಾಯ್ಲಿ! ನಿಲ್ಸು ಅಂದೆ."

ನಿಂತಿತು. ಹಲಗೆಯ ನಡುಕ ಆರೋವರೆಗೂ ಅಂಗೈ ಊರಿ ಕಾದ್ರು. ಆಮೇಲೆ ಮಗುವಿನ ಎಡಗಡೆ ಹಿಂದೆ ನನ್ನ ಎತ್ತಿದ್ರು. ಉಸಿರು ಬಿಗಿಹಿಡಿದು ಗಿಲಗಿಲ ಅಂದೆ.

ಪ್ರಣೀತನ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತೋಯ್ತು. ಕತ್ತು ತಿರುಗ್ತು. ಬಲಗಡೆಗೆ. ಅಲ್ಲಿ ಯಾರೂ ಇಲ್ಲ. ಖಾಲಿ ಗೋಡೆ ನೋಡ್ತಾ ಕೂತಿತ್ತು.

"ಅತ್ತೆ, ಆ ಕಡೆ ತಿರುಗಿದ್ಲು..." ಶಶಿರೇಖ ಗೋಡೆ ಕಡೆ ಕೈ ತೋರಿಸಿದ್ಲು.

"ಯಾವ್ ಕಡೆಗಾದ್ರೂ ಆಗ್ಲಿ," ಅಂದ್ರು ಪುಟ್ಟತಾಯಮ್ಮ. "ಹೋಗು, ದೋಸೆಗೆ ಅಕ್ಕಿ ನೆನೆಹಾಕು."