ಶುಕ್ರವಾರ ಸಂಜೆ ಐದರೊಳಗೆ

ಆಸ್ಪತ್ರೆಯ ದಾಖಲೆ ಕೋಣೆ ನೋಡಿಕೊಳ್ಳುವವಳನ್ನು ಎಲ್ಲರೂ ಕಡತಮ್ಮ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಯಾರಿಗೆ ಯಾವ ಇಂಜೆಕ್ಷನ್ ಆಗುವುದಿಲ್ಲ, ಯಾರಿಗೆ ಯಾವ ವರ್ಷ ಆಪರೇಷನ್ ಆಯಿತು, ಕೇಳಿದ ಕೂಡಲೇ ಹುಡುಕಿ ಕೈಗಿಡುವವಳು. ಮೂರು ವರ್ಷದ ಹಿಂದೆ ಸರ್ಕಾರ ಇಡೀ ದೇಶಕ್ಕೆ ಒಂದೇ ಆರೋಗ್ಯ ದಾಖಲೆ ಜಾಲ ತಂದಾಗ ಅವಳ ಕಡತಗಳೆಲ್ಲ ಕಂಪ್ಯೂಟರಿಗೆ ಏರಿದವು. ಏರಿಸಿದ ಮೇಲೆ ಕಾಗದ ಇಟ್ಟುಕೊಳ್ಳಬಾರದು ಅಂತ ಆದೇಶ ಬಂತು. ಹನ್ನೊಂದು ಸಾವಿರ ಜನರ ಕಾಗದ ಲಾರಿ ಹತ್ತಿ ರದ್ದಿಗೆ ಹೋಯಿತು. ಪಟ್ಟಿಗೆ ಸಹಿ ಹಾಕಿದವಳು ಅವಳೇ.

ಈಗ ಚುನಾವಣೆ ಮುಗಿದು ಹೊಸ ಸರ್ಕಾರ ಬಂದು ಎರಡು ತಿಂಗಳು. ಮಂಗಳವಾರ ಬೆಳಿಗ್ಗೆ ಹಿರಿಯ ಡಾಕ್ಟರು ಅವಳನ್ನು ಕರೆದು ಒಂದು ಪತ್ರ ಮುಂದಿಟ್ಟರು. ಜಾಲಕ್ಕೆ ಇನ್ನು ಅನುದಾನವಿಲ್ಲ, ಶುಕ್ರವಾರ ಸಂಜೆ ಐದಕ್ಕೆ ಮುಚ್ಚಲಾಗುವುದು, ಹೊಸ ವ್ಯವಸ್ಥೆ ಬರುವವರೆಗೆ ಆಸ್ಪತ್ರೆಗಳು ಕಾಗದದಲ್ಲೇ ಮುಂದುವರಿಯತಕ್ಕದ್ದು.

“ಯಾವ ಕಾಗದದಲ್ಲಿ ಸಾರ್?”

“ನನ್ನನ್ನ ಕೇಳಿದ್ರೆ?” ಡಾಕ್ಟರು ಕನ್ನಡಕ ತೆಗೆದಿಟ್ಟರು. “ಮಾಹಿತಿ ಎಲ್ಲೂ ಹೋಗಲ್ವಂತೆ. ಭದ್ರವಾಗಿರುತ್ತಂತೆ. ಆದ್ರೆ ತೆಗೆದು ನೋಡೋಕಾಗಲ್ಲ.”

“ಚೆನ್ನಾಗಿದೆ ಸಾರ್. ಬೀಗ ಹಾಕಿ ಬೀಗದಕೈ ಬಾವಿಗೆ ಎಸೆದ್ರಂತೆ.”

ಮಾತೇನೋ ತಮಾಷೆಯಾಗಿ ಬಂತು. ಕೋಣೆಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು. ಅಚ್ಚು ಹಾಕಲು ಆ ಜಾಲ ಬಿಡುತ್ತಿರಲಿಲ್ಲ, ಒಬ್ಬೊಬ್ಬರದೇ ತೆರೆದು ನೋಡಬೇಕು. ಕೊನೆಗೆ ಪೆನ್ನು ಹಿಡಿದಳು. ಒಬ್ಬರಿಗೆ ಒಂದು ಹಾಳೆ: ಆಗದ ಔಷಧಿ, ಈಗಿನ ಔಷಧಿ, ದೊಡ್ಡ ಕಾಯಿಲೆ. ಮೊದಲು ಡಯಾಲಿಸಿಸ್‌ನವರು, ಆಮೇಲೆ ಹೃದಯದವರು, ಆಮೇಲೆ ಮಕ್ಕಳು. ಪಾಳಿ ಮುಗಿಸಿದ ನರ್ಸುಗಳಿಬ್ಬರು ತಾವಾಗಿಯೇ ಬಂದು ಪಕ್ಕ ಕೂತರು. ಬುಧವಾರ ಸಂಜೆಗೆ ಆರುನೂರು ಹಾಳೆ ದಾಟಿರಲಿಲ್ಲ.

ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲೇ ಓಡಾಡುತ್ತಿದ್ದವಳನ್ನು ನೋಡಿ ಗಂಡ, “ಕೂತ್ಕೊಂಡಾದ್ರೂ ತಿನ್ನು, ಬಸ್ಸೇನು ಹೊರಟುಹೋಗಲ್ಲ,” ಅಂದ.

ಅವಳು ತಟ್ಟೆ ಕೆಳಗಿಟ್ಟು ಭಾವನಿಗೆ ಫೋನ್ ಮಾಡಿದಳು. ಅಕ್ಕನ ಗಂಡ, ಆರೋಗ್ಯ ಇಲಾಖೆಯ ಮುಖ್ಯ ಕಚೇರಿಯಲ್ಲಿ ಅಧಿಕಾರಿ. ಯಾರ ತಂಟೆಗೂ ಹೋಗದ ಮನುಷ್ಯ.

“ನಿಮ್ಮ ಮೇಲಿನವರನ್ನ ನಾನು ನೋಡ್ಬೇಕು ಭಾವ.”

“ಅದು ನಿನ್ನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಸುಮ್ನಿರು ತಾಯಿ.”

“ನಾಳೆ ಬೆಳಿಗ್ಗೆ ಬಂದೇ ಬಿಡ್ತೀನಿ. ನೀವು ಬಾಗಿಲು ತೋರಿಸಿದ್ರೆ ಸಾಕು.”

ಗುರುವಾರ ಕಚೇರಿಯ ಪಡಸಾಲೆಯಲ್ಲಿ ಭಾವ ಆಚೀಚೆ ನೋಡಿ ದನಿ ತಗ್ಗಿಸಿದರು. “ದುಡ್ಡಿನ ವಿಷಯ ಹೊರಗಡೆಗೆ. ಒಳಗಿನದು ಬೇರೆ. ದಿನಾ ಬೆಳಿಗ್ಗೆ ದೇಶದ ಎಲ್ಲಾ ಆಸ್ಪತ್ರೆಯಲ್ಲೂ ಪರದೆ ತೆರೆದ್ರೆ ಹಳೆ ಮಂತ್ರಿ ಫೋಟೋ ನಗುತ್ತೆ. ಹೊಸಬರಿಗೆ ಅದು ಸಹಿಸೋಕಾಗ್ತಿಲ್ಲ.”

“ಇಷ್ಟಕ್ಕಾ?”

“ಮೆಲ್ಲಗೆ!”

ಭಾವನ ಮೇಲಿನವರು, ಇಲಾಖೆಯ ಕಾರ್ಯದರ್ಶಿ, ಹೆಂಗಸು. ಐದು ನಿಮಿಷ ಅಂದರು. ಕಡತಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲಿ ಮರೆತುಹೋಯಿತು. “ಮೇಡಂ, ಕಾಗದ ರದ್ದಿಗೆ ಕಳಿಸಿದ ಪಟ್ಟಿಗೆ ಸಹಿ ಹಾಕಿದವಳು ನಾನು,” ಅಂದುಬಿಟ್ಟಳು. “ನಿಮ್ಮ ಇಲಾಖೆ ಹೇಳ್ತು ಅಂತ ಹಾಕ್ದೆ. ನಾಳೆ ಯಾರಿಗಾದ್ರೂ ಆಗದ ಇಂಜೆಕ್ಷನ್ ಚುಚ್ಚಿದ್ರೆ ಅವರ ಮನೆಯವರು ನನ್ನ ಮುಂದೆ ಬಂದು ನಿಲ್ತಾರೆ. ನಿಮ್ಮ ಹತ್ರ ಯಾರೂ ಬರಲ್ಲ.”

ಪಕ್ಕ ನಿಂತಿದ್ದ ಭಾವ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

“ತೀರ್ಮಾನ ನನಗಿಂತ ಮೇಲೆ ಆಗಿದೆ,” ಅಂದರು ಕಾರ್ಯದರ್ಶಿ.

“ಹಾಗಾದ್ರೆ ಹಳೆ ಮಂತ್ರಿ ಫೋಟೋ ತೆಗೀರಿ. ಹೆಸರೂ ತೆಗೀರಿ. ಹೊಸದಾಗಿ ಬರೆಯೋದೂ ಬೇಡ. ಓದೋಕೆ ಮಾತ್ರ ಬಿಡಿ.”

ಕಾರ್ಯದರ್ಶಿಯ ತುಟಿಯಂಚಿನಲ್ಲಿ ನಗು ಬಂದ ಹಾಗಿತ್ತು. “ಅದಕ್ಕೂ ಅನುದಾನ ಬೇಕಲ್ಲ?”

ಆಗ ಭಾವ ಗಂಟಲು ಸರಿಮಾಡಿಕೊಂಡರು. “ಓದೋಕೆ ಮಾತ್ರ ಅಂದ್ರೆ ಹೊಸ ಅನುದಾನ ಬೇಡ ಮೇಡಂ. ನಿರ್ವಹಣೆಗೆ ಅಂತ ಆಗಲೇ ಮಂಜೂರಾಗಿರೋದರಲ್ಲಿ ಮೂರು ತಿಂಗಳು ನಡೆಯುತ್ತೆ.”

“ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ ಮೇಡಂ.”

ಕಾರ್ಯದರ್ಶಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೋಡೋಣ ಅಂದರು. ಆ ಒಂದು ಮಾತನ್ನು ಕಟ್ಟಿಕೊಂಡು ಕಡತಮ್ಮ ವಾಪಸು ಬಂದಳು.

ಶುಕ್ರವಾರ ಬರೆಯುತ್ತ ಬರೆಯುತ್ತ ಬೆರಳು ಮರಗಟ್ಟಿತು. ಐದು ಹೊಡೆಯಿತು, ಪರದೆ ಕಪ್ಪಾಯಿತು. ನರ್ಸೊಬ್ಬಳು “ಮುಗೀತಲ್ಲ ಅಕ್ಕ,” ಅಂದಳು. ಕಡತಮ್ಮ ಭಾವನಿಗೆ ನಾಲ್ಕು ಸಲ ಫೋನ್ ಮಾಡಿದಳು, ಅವರು ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ತರಕಾರಿ ಮಾರುವ ಹೆಂಗಸೊಬ್ಬಳನ್ನು ಮೈತುಂಬ ಜ್ವರದಲ್ಲಿ ಎತ್ತಿಕೊಂಡು ಬಂದರು, ಪ್ರಜ್ಞೆಯಿರಲಿಲ್ಲ. ಅವಳ ಹಾಳೆ ಬರೆದಿರಲಿಲ್ಲ. ಯಾವುದೋ ಒಂದು ಇಂಜೆಕ್ಷನ್ ಆಗಲ್ಲ ಅನ್ನುವುದು ಮಗಳಿಗೆ ಗೊತ್ತು, ಯಾವುದು ಅನ್ನುವುದು ಗೊತ್ತಿಲ್ಲ. ಡಾಕ್ಟರು ಬೇರೆ ಔಷಧಿ ಕೊಟ್ಟು ಕಾದರು. ಕಡತಮ್ಮ ವಾರ್ಡಿನ ಬಾಗಿಲಲ್ಲಿ ನಿಂತಲ್ಲಿ ನಿಲ್ಲಲಾರದೆ ಸಂಜೆಯವರೆಗೂ ಕಾದಳು. ಜ್ವರ ಇಳಿದು ಆ ಹೆಂಗಸು ಕಣ್ಣು ಬಿಟ್ಟ ಮೇಲೇ ಮನೆಗೆ ಹೋದದ್ದು.

ಸೋಮವಾರ ಪರದೆ ಮತ್ತೆ ಬೆಳಗಿತು. ಫೋಟೋ ಇಲ್ಲ, ಹೆಸರಿಲ್ಲ, ಬರೀ ಬೂದು ಬಣ್ಣ. ‘ಓದಲು ಮಾತ್ರ, ತೊಂಬತ್ತು ದಿನ.’ ಸಂಜೆ ಭಾವನ ಫೋನ್ ಬಂತು.

“ನನ್ನನ್ನ ಗ್ರಂಥಾಲಯ ಇಲಾಖೆಗೆ ಹಾಕಿದ್ರು.”

“ಅಯ್ಯೋ, ಯಾಕೆ ಭಾವ?”

“ಕೇಳದೆ ಬಾಯಿಬಿಟ್ಟಿದ್ದಕ್ಕೆ ಇರಬೇಕು. ನಿಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಹೋಗ್ಲಿ ಬಿಡು. ನಿನ್ನ ಪರದೆ ಬಂತಾ?”

“ಬಂತು ಭಾವ.”

ಮರುದಿನ ಅವಳು ಹೊರರೋಗಿಗಳ ಸಾಲಿನ ಪಕ್ಕಕ್ಕೇ ಮೇಜು ಎಳೆಸಿದಳು. ಬರೆದ ಹಾಳೆ ಇನ್ನು ಯಾವ ಸರ್ಕಾರದ ಕಪಾಟಿನಲ್ಲೂ ಇಡುವುದಿಲ್ಲ, ಅವರವರದು ಅವರವರ ಕೈಗೆ ಅಂತ ತೀರ್ಮಾನಿಸಿದ್ದಳು. ಮೊದಲು ಬಂದ ಲಾರಿ ಡ್ರೈವರ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಕಳೆದೋದ್ರೆ ಏನ್ ಮಾಡ್ಲಿ ಅಕ್ಕಾ?” ಅಂದ.

“ಕಳ್ಕೋಬೇಡ,” ಅಂದಳು ಕಡತಮ್ಮ, ಮುಂದಿನ ಹೆಸರು ಹುಡುಕುತ್ತ.