ಮಡಿಲಿಗೆ ಹಾಕಿದ ಪೀಚಸ್ ಓಟೆ

ಸಿಹಿ ಹಣ್ಣು ತಿಂದು, ಆಸೆಯಿಂದ ಅದರೊಳಗಿನ ಗಟ್ಟಿ ಬೀಜದ ಓಟೆಯನ್ನು ಹಿತ್ತಲಲ್ಲಿ ಹೂತು, ವರ್ಷಗಟ್ಟಲೆ ನೀರು ಹೊಯ್ದು, ಕೊನೆಗೆ ಹುಳಿ ಹಣ್ಣು ಬಿಟ್ಟಾಗ ಓಟೆ ಕೊಟ್ಟವರನ್ನು ಬೈದುಕೊಂಡವರು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ. ನಮ್ಮ ಮನೆಯಲ್ಲೇ ಒಬ್ಬರಿದ್ದರು, ನಮ್ಮವ್ವ ನೀಲಾಂಬಿಕೆ. ಬೈಸಿಕೊಂಡವರು ಅವ್ವನ ಒಡಹುಟ್ಟಿದ ಅಕ್ಕ, ನನ್ನ ದೊಡ್ಡವ್ವ ಗುರುಸಿದ್ದಮ್ಮ. ಇದು ನಾನು ಹುಟ್ಟುವ ಮೊದಲಿನ ಮಾತು. ಆದರೆ ಇಬ್ಬರ ಬಾಯಲ್ಲೂ ಎಷ್ಟು ಸಲ ಕೇಳಿದ್ದೇನೆಂದರೆ, ದೊಡ್ಡವ್ವನ ತೋಟದಲ್ಲಿ ಆಗ ನಾನೂ ಓಡಾಡಿದ್ದೆ ಅನಿಸಿಬಿಡುತ್ತದೆ.

ದೊಡ್ಡವ್ವನ ಮನೆ ದೊಡ್ಡಗದ್ದವಳ್ಳಿಯಲ್ಲಿ. ದೊಡ್ಡಪ್ಪ ಚಂದ್ರಶೇಖರಯ್ಯನವರದು ಬಟ್ಟೆ ವ್ಯಾಪಾರ. ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೆ ಎತ್ತಿನ ಮೇಲೆ ಗಂಟು ಹೇರಿಕೊಂಡು ಹೋಗಿಬರುತ್ತಿದ್ದರು. ಅಲ್ಲಿ ಒಂದು ಬಂಗಲೆಯ ಹಿಂದೆ ಪೀಚಸ್ ಹಣ್ಣು ತಿಂದು ಮರುಳಾದರು. ಸಸಿ ತಂದು ಮನೆ ಹಿಂದಿನ ತೋಟದಲ್ಲಿ ನೆಟ್ಟರೆ, ನಮ್ಮ ಬಿಸಿಲಿಗೆ ಅದು ಮುನಿಸಿಕೊಂಡಿತು. ಬೆರಳೆಣಿಕೆಯ ಹೂವು, ಕಾಯಿ ಇಲ್ಲವೇ ಇಲ್ಲ. ಪಕ್ಕದಲ್ಲೇ ಚನ್ನರಾಯಪಟ್ಟಣದ ನಂಟರು ಕೊಟ್ಟ ಇನ್ನೊಂದು ಪೀಚಸ್ ಮರವಿತ್ತು. ಅದು ರೆಂಬೆ ಬಾಗುವಷ್ಟು ಬಿಡುತ್ತಿತ್ತು, ಬಾಯಿಗಿಟ್ಟರೆ ಮಾತ್ರ ಕಣ್ಣು ಮುಚ್ಚಿಹೋಗುವಷ್ಟು ಹುಳಿ.

ಇವೆರಡನ್ನೂ ಕೂಡಿಸಬೇಕೆಂಬ ಹುಚ್ಚು ದೊಡ್ಡಪ್ಪನಿಗೆ ಹತ್ತಿತು. ಬಂಗಲೆಯ ತೋಟದ ಮೇಸ್ತ್ರಿ ಹೇಳಿಕೊಟ್ಟಂತೆ ಹುಳಿ ಮರದ ಮೊಗ್ಗುಗಳನ್ನು ಅರಳುವ ಮೊದಲೇ ಬಿಡಿಸಿ, ಕೇಸರ ಕಿತ್ತು, ಸಕಲೇಶಪುರದಿಂದ ತಂದ ಮರದ ಹೂವಿನ ಹುಡಿ ಮುಟ್ಟಿಸಿ, ತೆಳುಬಟ್ಟೆಯ ಚೀಲ ಕಟ್ಟಿದರು. ನೆರೆಮನೆಯ ದ್ಯಾವಯ್ಯ ಬೇಲಿಯಾಚೆಯಿಂದಲೇ, "ಏನ್ ಅಯ್ನೋರೇ, ಮರಕ್ಕೂ ಮದ್ವೆ ಮಾಡ್ತಾ ಇದ್ದೀರಿ, ಓಲಗದೋರ್ನ ಕರ್ಸ್ಲಾ?" ಎಂದು ಛೇಡಿಸಿದ್ದನಂತೆ. ದೊಡ್ಡಪ್ಪ ನಕ್ಕುಬಿಟ್ಟರು. ಆ ಕಾಯಿಗಳ ಓಟೆಯಿಂದ ಒಂದು ಸಾಲು ಸಸಿ ಎಬ್ಬಿಸಿ, ಹಣ್ಣು ಬಿಟ್ಟ ಮೇಲೆ ರುಚಿ ನೋಡಿ, ಒಂದೇ ಒಂದು ಮರ ಉಳಿಸಿಕೊಂಡರು. 1935ರ ಬೇಸಗೆಯಲ್ಲಿ ಅದರ ಹಣ್ಣು ತಿಂದ ದ್ಯಾವಯ್ಯ ಆಮೇಲೆ ಓಲಗದ ಮಾತೆತ್ತಲಿಲ್ಲ.

ಅದೇ ಬೇಸಗೆಯಲ್ಲಿ ಅವ್ವ ಅಕ್ಕನ ಮನೆಗೆ ಹೋಗಿದ್ದಳು. ಹೊಳೆನರಸೀಪುರಕ್ಕೆ ಹಿಂತಿರುಗುವಾಗ ದೊಡ್ಡವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಕಾಯಿ, ಎಲೆ ಅಡಿಕೆಯ ಜೊತೆಗೆ ಒಂದು ಹಿಡಿ ಪೀಚಸ್ ಓಟೆ. ತವರಿನ ಕಡೆಯಿಂದ ಮಡಿಲಿಗೆ ಬಿದ್ದದ್ದೆಂದರೆ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ. ಅವ್ವ ಅವನ್ನು ದೇವರ ಮುಂದಿಟ್ಟು, ಆಮೇಲೆ ಹಿತ್ತಲಲ್ಲಿ ನೆಟ್ಟಳು. ಮರುವರ್ಷ ದೊಡ್ಡಪ್ಪ ಲಿಂಗೈಕ್ಯರಾದರು. ಅವರ ಆಸೆಯಂತೆ ತೋಟದಲ್ಲಿ ಆ ಮರದ ಪಕ್ಕದಲ್ಲೇ ಸಮಾಧಿಯಾಯಿತು.

ಅವ್ವನ ಗಿಡಗಳು ದೊಡ್ಡವಾಗಿ ಹಣ್ಣು ಬಿಟ್ಟವು. ಒಂದು ಹುಳಿ, ಒಂದು ಒಗರು, ಇನ್ನೊಂದು ಕಲ್ಲಿನಂಥ ಗಟ್ಟಿ. ಅವ್ವನಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂತು. ಅರಕಲಗೂಡಿನ ಒಂದು ಮದುವೆಯಲ್ಲಿ, ಹಂದರದ ತುಂಬ ನಂಟರು ಕೂತಿರುವಾಗ ಅಂದೇಬಿಟ್ಟಳು: "ನಮ್ಮಕ್ಕ ಒಳ್ಳೇ ಮರದ್ದ ತಾನಿಟ್ಕಂಡು, ನನ್ ಮಡ್ಲಿಗೆ ಹುಳಿ ಮರದ ವಾಟೆ ಆಕವ್ಳೆ ಕಣ್ರವ್ವ."

ದೊಡ್ಡವ್ವ ಎದ್ದು ಹೋದಳು, ಊಟಕ್ಕೂ ನಿಲ್ಲಲಿಲ್ಲ. ಅಲ್ಲಿಂದ ಅಕ್ಕತಂಗಿಯರ ನಡುವೆ ಹೋಗುವುದು ಬರುವುದು ನಿಂತೇಹೋಯಿತು.

1942ರ ಮುಂಗಾರಿನಲ್ಲಿ ಅಕ್ಕತಂಗಿಯರ ಅಣ್ಣನ ಮಗ ಪಾಲಾಕ್ಷ ದೊಡ್ಡಗದ್ದವಳ್ಳಿಗೆ ಬಂದ. ತೋಟಗಾರಿಕೆ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿದ್ದ ಹುಡುಗ. ಕಾಫಿ ಕುಡಿದವನೇ ಮರದ ಹತ್ತಿರ ಹೋದ. ಕಾಂಡದಿಂದ ಅಂಟು ಸೋರುತ್ತಿತ್ತು. ಒಂದು ಕಡೆಯ ರೆಂಬೆಗಳು ಆಗಲೇ ಒಣಗಿದ್ದವು.

"ದೊಡ್ಡತ್ತೆ, ಇದು ಇನ್ನೊಂದು ಬೇಸ್ಗೆ ಕಾಣೋದು ಕಷ್ಟ."

ದೊಡ್ಡವ್ವ ಒಣಗಿದ ಒಂದು ರೆಂಬೆಯನ್ನು ಮುಟ್ಟಿ ನೋಡಿದಳು. ಆದರೂ ಅಳುಕು ತೋರಗೊಡದೆ, "ವಾಟೆ ಮಡಗಿದ್ದೀನಿ ಬುಡು. ಇನ್ನೊಂದು ಎಬ್ಬಿಸ್ಕತೀನಿ" ಎಂದಳು.

"ವಾಟೇಲಿ ಈ ಮರ ಬರಾಕಿಲ್ಲ."

"ನೀಲಾ ಹೇಳ್ಕೊಟ್ಳಾ? ಅವಳ್ ಕೈಗುಣ ಸರಿಯಿಲ್ಲ, ನನ್ ಮೇಲೆ ಗೂಬೆ ಕೂರಿಸಿದ್ಲು."

"ಮಾವ ಅವತ್ತು ಒಂದು ಸಾಲು ಸಸಿ ಬೆಳ್ಸಿದ್ರಲ್ಲ, ಮಿಕ್ಕಿದ್ದೆಲ್ಲ ಎಲ್ಲೋದೋ?"

"ಅವ್ರೇ ಕಿತ್ತಾಕ್ಬುಟ್ರು. ಬೆಳ್ದ ಗಿಡ ಕೀಳ್ತೀರಲ್ಲಾ ಅಂತ ನಾನು ಜಗಳಾನೂ ಆಡಿದ್ದೆ."

"ಯಾಕ್ ಕಿತ್ರು?"

ದೊಡ್ಡವ್ವ ಆ ಸಾಲು ಸಸಿ ಇದ್ದ ಜಾಗದ ಕಡೆ ನೋಡಿದಳು. "ಹುಳಿ ಇದ್ವು, ಅದಕ್ಕೆ" ಎಂದಳು.

"ಒಂದೇ ಮರದ ವಾಟೆ. ನೆಟ್ಟೋರೂ ಒಬ್ರೇ. ಮಣ್ಣೂ ಇದೇ. ಆದ್ರೂ ಒಂದು ಸಿಹಿ ಆಯ್ತು, ಮಿಕ್ಕಿದ್ದು ಹುಳಿ ಆಯ್ತು. ವಾಟೆ ಅಂದ್ರೆ ಮಗು ಇದ್ದಂಗೆ ದೊಡ್ಡತ್ತೆ. ಅಪ್ಪನ್ನ ಓಲ್ತದೋ ಅಜ್ಜೀನ ಓಲ್ತದೋ ಯಾರ್ ಕಂಡೋರು. ನೀವೂ ಮೋಸ ಮಾಡ್ಲಿಲ್ಲ, ಚಿಕ್ಕತ್ತೆ ಕೈಗುಣಾನೂ ಕೆಟ್ಟಿಲ್ಲ."

"ಮತ್ತೆ ಈ ಮರ ಉಳ್ಯೋದು ಎಂಗಪ್ಪಾ?"

"ಇದರ ಕಡ್ಡಿ ಕುಯ್ದು, ಅದರಾಗಿರೋ ಚಿಗುರೋ ಕಣ್ಣು ತಗ್ದು ಬೇರೆ ಗಿಡಕ್ಕೆ ಕಸಿ ಕಟ್ಟಬೇಕು. ಕಣ್ಣಿಂದ ಬರೋದು ಮಗು ಅಲ್ಲ, ಇದೇ ಮರ."

ದೊಡ್ಡವ್ವ ಸಮಾಧಿಯ ಕಡೆ ನೋಡಿದಳು. "ಅವ್ರ ಪಕ್ಕದಾಗಿರೋ ಮರಕ್ಕೆ ಚಾಕು ಮುಟ್ಟಿಸ್ಲಾ? ಇಷ್ಟ್ ವರ್ಸ ಒಂದು ಎಲೆ ಕೀಳಾಕೂ ಯಾರ್ನೂ ಬುಟ್ಟಿಲ್ಲ ಕಣೋ ನಾನು."

"ಮಾವ ಇದ್ದಿದ್ರೆ ನಾನು ಬರೋ ಹೊತ್ಗೆ ಕಡ್ಡಿ ಕುಯ್ದು ಮಡಗಿರೋರು."

ಅದು ನಿಜವೆಂದು ದೊಡ್ಡವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಒಳಗೆ ಹೋಗಿ ಚಾಕುವಿಗೆ ವಿಭೂತಿ ಹಚ್ಚಿಕೊಂಡು ಬಂದಳು. ಆದರೆ ಪಾಲಾಕ್ಷ ತಡೆದ. "ಕುಯ್ಯೋದಕ್ಕೆ ಮುಂಚೆ ಒಂದ್ ಮಾತು. ಇಲ್ಲಿ ಕಸಿ ಕಟ್ಟಾಕೆ ಪೀಚಸ್ ಗಿಡ ಇಲ್ಲ, ಹಳೇವೆರಡೂ ಒಣಗೋಗವೆ. ಇದೇ ಜಾತಿ ಗಿಡದ ಬೇರು ಬೇಕು. ಅದಿದ್ರೆ ಚಿಕ್ಕತ್ತೆ ಹಿತ್ಲಲ್ಲೇ ಇರ್ಬೇಕು."

ತಂಗಿಯ ಹೊಸಿಲಿಗೆ ತಾನಾಗಿ ಹೋಗಬೇಕು. ಸಮಾಧಿಯ ಮರಕ್ಕೆ ಚಾಕು ಹಾಕುವುದಕ್ಕಿಂತ ಅದೇ ಕಷ್ಟವಾಗಿತ್ತು ಎಂದು ದೊಡ್ಡವ್ವ ಎಷ್ಟೋ ಸಲ ನನಗೆ ಹೇಳಿದ್ದಾಳೆ. "ಆ ಗಿಡಗಳ್ನ ಅವ್ಳು ಕಡ್ದು ಒಲೆಗಾಕಿದ್ರೆ?" ಎಂದು ಕೇಳಿದಳಂತೆ. ಅವು ಇನ್ನೂ ಇವೆಯೋ ಇಲ್ಲವೋ ಪಾಲಾಕ್ಷನಿಗೂ ಗೊತ್ತಿರಲಿಲ್ಲ.

ಆದರೂ ಹೊರಟರು. ಹಸಿರು ಕಡ್ಡಿ ಕುಯ್ದು, ಎಲೆ ಸವರಿ, ಒದ್ದೆ ಬಟ್ಟೆಯಲ್ಲಿಟ್ಟು, ಮೇಲೆ ಬಾಳೆಪಟ್ಟೆ ಸುತ್ತಿದರು. ಹಾಸನದವರೆಗೆ ಗಾಡಿ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ದೊಡ್ಡವ್ವ ಆ ಗಂಟನ್ನು ತೊಡೆಯಿಂದ ಇಳಿಸಲಿಲ್ಲ.

ಅವ್ವ ಬಾಗಿಲು ತೆರೆದು ಅಕ್ಕನನ್ನು ನೋಡಿದಳು. ಕಾಲಿಗೆ ನೀರು ಕೊಟ್ಟಳು. ದೊಡ್ಡವ್ವ ನಡುಮನೆ ದಾಟಿ ನೇರವಾಗಿ ಹಿತ್ತಲಿಗೆ ನಡೆದಳು. ಮೂರೂ ಮರ ಹಾಗೇ ನಿಂತಿದ್ದವು. ಒಂದರಿಂದ ಒಂದಕ್ಕೆ ಹಗ್ಗ ಕಟ್ಟಿ ಅವ್ವ ಬಟ್ಟೆ ಒಣಹಾಕಿದ್ದಳು.

"ಕಡೀಲಿಲ್ವೇನೆ?"

"ಎಂಗ್ ಕಡೀಲಿ?" ಎಂದಳು ಅವ್ವ. "ನೀನು ಮಡ್ಲಿಗೆ ಆಕಿದ್ದಲ್ವಾ ಅಕ್ಕ."

ಪಾಲಾಕ್ಷ ಓಟೆಯ ವಿಷಯವನ್ನು ಅವ್ವನಿಗೂ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವ್ವ ಅಕ್ಕನ ಮುಖ ನೋಡಲಾರದೆ ತಲೆ ತಗ್ಗಿಸಿದಳು. "ಅಷ್ಟು ಜನರ ಮುಂದೆ ಅಂದ್ಬುಟ್ನಲ್ಲ" ಎಂದಳು.

"ಆಗೋಯ್ತು ಬುಡು. ಇದ ಇಸ್ಕೊ" ಎಂದು ದೊಡ್ಡವ್ವ ಗಂಟು ನೀಡಿದಳು. ಅವ್ವ ಕೈ ಒಡ್ಡಲಿಲ್ಲ, ಸೆರಗು ಒಡ್ಡಿದಳು. ದೊಡ್ಡವ್ವ ಹಿಂಜರಿದಳು.

"ನಾನು ಮಡ್ಲು ತುಂಬೋ ಅಂಗಿಲ್ಲ ಕಣೆ ಈಗ."

"ಯಾರ್ ಅಂದೋರು? ಆಕು. ನಮ್ಮಕ್ಕ ಆಕಿದ್ದು ನಂಗೆ ಬೇಕು."

ಪಾಲಾಕ್ಷ ಹುಳಿ ಮರದ ಎಳೆಯ ರೆಂಬೆ ಆರಿಸಿ, ತೊಗಟೆ ಸೀಳಿ, ಒಳಗೆ ಸಿಹಿ ಮರದ ಕಣ್ಣು ಕೂರಿಸಿ, ಬಾಳೆನಾರಿನಿಂದ ಕಟ್ಟಿದ. ಕಣ್ಣು ಚಿಗುರಿದ ಮೇಲೆ ಅದರ ಮೇಲಿನ ರೆಂಬೆ ಕತ್ತರಿಸಬೇಕು, ಕೆಳಗೆ ಒಡೆಯುವ ಹುಳಿ ಚಿಗುರನ್ನು ಮುರಿಯುತ್ತಿರಬೇಕು ಎಂದು ಹೇಳಿಕೊಟ್ಟ. ಆಮೇಲೆ ಜಗಲಿಯಲ್ಲಿ ಕಾಗದ ಹಿಡಿದು ಕೂತ. "ಹಣ್ಣು ಎಂಗಿರ್ತದೆ ಹೇಳಿ. ಬರ್ದಿಡದಿದ್ರೆ ನಾಳೆ ಯಾವ್ದೋ ಮರ ತೋರ್ಸಿ ಇದೇ ಅದು ಅಂತಾರೆ."

"ಬಿಸ್ಲು ಬಿದ್ದ ಮಗ್ಗುಲು ಕೆಂಪು, ನೆಳ್ಳಿನ ಕಡೆ ಬೆಣ್ಣೆ ಬಣ್ಣ" ಎಂದಳು ದೊಡ್ಡವ್ವ.

"ತುದಿ ಚೂಪು" ಎಂದಳು ಅವ್ವ.

"ಚೂಪಲ್ವೇ, ಒಂಚೂರು ಮೂತಿ ಅಷ್ಟೇಯ. ತಿಂದಿದ್ದು ಒಂದ್ ವರ್ಸ, ಮಾತು ನೋಡು ಇವಳ್ದು."

ಹೀಗೆ ಜಗಳವಾಡುತ್ತಲೇ ಎಲ್ಲ ಬರೆಸಿದರು. ಹೂವು ತಿಳಿಗೆಂಪು. ಯುಗಾದಿ ಕಳೆದು ತಿಂಗಳಿಗೆ ಹಣ್ಣು. ತಿರುಳು ಬಿಳಿ, ಓಟೆಯ ಸುತ್ತ ಮಾತ್ರ ಕೆಂಪು. ಓಟೆ ತಿರುಳಿಗೆ ಅಂಟುವುದಿಲ್ಲ, ಹಣ್ಣು ಬಿಡಿಸಿದರೆ ತಾನಾಗಿ ಕೈಗೆ ಬರುತ್ತದೆ.

"ಹೆಸ್ರು ಏನು ಬರೀಲಿ?" ಎಂದ ಪಾಲಾಕ್ಷ.

ದೊಡ್ಡವ್ವನ ಮನಸ್ಸಿನಲ್ಲಿದ್ದದ್ದು ಒಂದೇ ಹೆಸರು. ಗಂಡನ ಹೆಸರನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಅವ್ವ ಅಕ್ಕನ ಮುಖ ನೋಡಿದಳು. "ಬರ್ಕೊ ಪಾಲಾಕ್ಷ" ಎಂದಳು. "ಚಂದ್ರಶೇಖರ."

ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಬೇಸಗೆಯಲ್ಲಿ ದೊಡ್ಡಗದ್ದವಳ್ಳಿಯ ಮರ ಪೂರ್ತಿ ಒಣಗಿತು. ಹೊಳೆನರಸೀಪುರದಲ್ಲಿ ಅದು ಚಿಗುರಿತ್ತು. 1945ರಲ್ಲಿ ಅವ್ವ ಮೊದಲ ಹಣ್ಣುಗಳನ್ನು ಬುಟ್ಟಿಗೆ ತುಂಬಿಕೊಂಡು ರೈಲು ಹತ್ತಿದಳು. ಸಮಾಧಿಯ ಮುಂದೆ ಅಕ್ಕತಂಗಿಯರು ಒಂದು ಹಣ್ಣನ್ನು ಬಿಡಿಸಿದರಂತೆ. ಓಟೆ ತಾನಾಗಿ ಕೈಗೆ ಬಂತು. ಸುತ್ತ ಕೆಂಪಿತ್ತು. ಇಬ್ಬರೂ ಬರೆಸಿದ್ದನ್ನು ನೆನೆದು ನಕ್ಕರು, ಆಮೇಲೆ ಅತ್ತರು. ಆ ಹಣ್ಣನ್ನು ನಾನೂ ಎಷ್ಟೋ ಬೇಸಗೆ ತಿಂದಿದ್ದೇನೆ. ಈಗಲೂ ನೆನೆದರೆ ಬಾಯಿಗಿಂತ ಮೊದಲು ಕಣ್ಣಲ್ಲಿ ನೀರು ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಒಂದು ಒಳ್ಳೆಯ ಮರವಿರಬಹುದು. ಪೀಚಸ್ಸೇ ಆಗಬೇಕಿಲ್ಲ, ಮಾವೋ ಹಲಸೋ ಸೀಬೆಯೋ ಇರಲಿ. ಬೀಜ ಹಂಚಿದೆ, ಇನ್ನು ಚಿಂತೆಯಿಲ್ಲ ಎಂದು ಕೂರಬೇಡಿ. ಮರ ಗಟ್ಟಿಯಿರುವಾಗಲೇ ತಿಳಿದವರನ್ನು ಕರೆಸಿ ಕಸಿ ಕಟ್ಟಿಸಿ. ನಿಮ್ಮಲ್ಲೊಂದು, ನಂಟರಲ್ಲೊಂದು ಇರಲಿ. ಹೂವು, ಹಣ್ಣು, ಓಟೆ ಹೇಗಿರುತ್ತವೆಂದು ಮನೆಯವರೆಲ್ಲ ಕೂತು ಬರೆದಿಡಿ, ಜಗಳವಾದರೂ ಚಿಂತೆಯಿಲ್ಲ. ಬೆಳೆಸಿದವರ ಹೆಸರಿಡಿ. ಹುಳಿ ಹಣ್ಣು ಬಿಟ್ಟ ಮರ ನಿಮ್ಮಲ್ಲಿದ್ದರೆ ಕಡಿಯುವ ಮೊದಲು ಸ್ವಲ್ಪ ತಡೆಯಿರಿ. ನಮ್ಮ ದೊಡ್ಡಪ್ಪನ ಮರ ಸಾಯದೆ ಉಳಿದದ್ದು ಅಂಥದೊಂದು ಮರದ ಬೇರಿನ ಮೇಲೆ.