ಎಡಗಾಲಿನ ಶೂ ಮೇಲಿನ ಗೀರು

ಗೀರು ಮತ್ತೆ ಬಂದಿತ್ತು. ಅದೇ ಎಡಗಾಲಿನ ಶೂ, ಬೆರಳುಗಳ ಮೇಲೆ ಅದೇ ಜಾಗ. ನಿನ್ನೆ ಸಂಜೆ ತಾನೇ ಸುಮಂಗಲಾ ಹಳೆಯ ಬ್ರಷ್ಷಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಅದನ್ನು ಮಾಯ ಮಾಡಿದ್ದಳು. ಬಲಗಾಲಿನದು ಮಾತ್ರ ಮಿರಿಮಿರಿ ಮಿಂಚುತ್ತಿತ್ತು. ದಿನವಿಡೀ ಮೆಷಿನ್ ಮುಂದೆ ನಿಲ್ಲುವ ಗಂಡಸಿಗೆ ಒಂದೇ ಕಾಲಿನ ಶೂ ಸವೆಯುವುದು ಎಲ್ಲಿಯ ನ್ಯಾಯ?

ಗಂಡ ಹನುಮೇಶ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಅವಳು ಸ್ಟೌ ಮುಂದೆ ಇರುವಾಗಲೇ ಮೆಟ್ಟಿಲಿಳಿದು ಹೋಗುತ್ತಾನೆ, ಅವಳು ಗಾರ್ಮೆಂಟ್ಸಿನಿಂದ ಬರುವಷ್ಟರಲ್ಲಿ ಮನೆ ಸೇರಿರುತ್ತಾನೆ. ಶೂ ಮೆಟ್ಟಿಲ ಬುಡದ ಕಬ್ಬಿಣದ ಸ್ಟ್ಯಾಂಡಿನಲ್ಲಿ. ಚಪ್ಪಲಿ ಮೇಲೆ ತರಕೂಡದು ಎಂಬುದು ಮನೆ ಮಾಲೀಕಳಾದ ಕೃಷ್ಣಮ್ಮನ ಕಾಯಿದೆ. ವಠಾರದ ಹತ್ತು ಮನೆಗೂ ಒಂದೊಂದು ಜಾಗ. ಇವರದು ಎರಡನೇ ಸಾಲು, ಗೋಡೆಯ ತುದಿ. ವಠಾರದ ಅರ್ಧ ಗಂಡಸರು ಅದೇ ಕಾರ್ಖಾನೆಯವರು, ಎಲ್ಲರಿಗೂ ಕಂಪನಿ ಕೊಟ್ಟ ಒಂದೇ ಥರದ ಕಪ್ಪು ಶೂ. ಗೇಟಿನಲ್ಲಿ ಸೂಪರ್‌ವೈಸರ್ ಮುಖಕ್ಕಿಂತ ಮೊದಲು ಶೂ ನೋಡುತ್ತಾನಂತೆ.

ಹೋದ ವಾರ ಗೀರಿನ ಗುಟ್ಟು ರಟ್ಟು ಮಾಡಿದ್ದೂ ಕೃಷ್ಣಮ್ಮನೇ.

"ಅದು ಬೈಕಿನ ಗೇರ್ ಕಲೆ ಕಣಮ್ಮ. ನನ್ ಮಗ ಶಶಿಕುಮಾರನ ಶೂನಾಗೂ ಇಂಗೇ ಆಗ್ತದೆ. ಎಡಗಾಲ್ನಾಗೇ ತಾನೆ ಗೇರು ಎತ್ತೋದು?"

ಸುಮಂಗಲಾ ಶೂ ಎತ್ತಿ ಗೀರಿನ ಮೇಲೆ ಬೆರಳಾಡಿಸಿದಳು. ಎರಡು ವರ್ಷದ ಹಿಂದೆ ನಾಗಸಂದ್ರದ ಹತ್ತಿರ ಗೆಳೆಯನ ಬೈಕಿನಿಂದ ಬಿದ್ದು ಹನುಮೇಶ ಬಲಗಾಲು ಮುರಿದುಕೊಂಡಿದ್ದ. ಒಳಗೆ ರಾಡು ಹಾಕಿದ ದಿನ, ಆಸ್ಪತ್ರೆಯ ಮಂಚದ ಮೇಲೇ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿದ್ದಳು. ಇನ್ನು ಬೈಕ್ ಮುಟ್ಟುವುದಿಲ್ಲ ಎಂದು. ಆ ಆಣೆ ಮುರಿದವನು ಇನ್ನೇನನ್ನು ಮುರಿಯಲಾರ?

ಅಲ್ಲಿಂದ ಎಲ್ಲವೂ ಅನುಮಾನವೇ. ಅಂಗಿ ಮೂಸಿದಳು. ಪೆಟ್ರೋಲೋ ಮೆಷಿನ್ ಎಣ್ಣೆಯೋ, ದರಿದ್ರದ್ದು, ತಿಳಿಯಲಿಲ್ಲ. ಕೀಲಿ ಸಿಕ್ಕೀತೆಂದು ಜೇಬು ತಡಕಿದಳು. ಮೂರು ವಾರದಿಂದ ಅವನು ತಲೆ ತಗ್ಗಿಸಿ ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ತಪ್ಪಿತಸ್ಥರು ಇನ್ಹೇಗೆ ಇರುತ್ತಾರೆ? ಪಕ್ಕದ ಮನೆಯ ಯಮನೂರನಿಗೆ ಬೈಕಿದೆ. ಅವನೋ ಈಚೆಗೆ ಎದುರು ಸಿಕ್ಕಾಗಲೆಲ್ಲ ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಾನೆ. ಬೈಕ್ ಕೊಡುವವನು ಇವನೇ, ಸಂಶಯವೇ ಇಲ್ಲ ಎಂದುಕೊಂಡಳು.

ಈ ಸಂಜೆ ಅವಳು ಬ್ರಷ್ ಮುಟ್ಟಲಿಲ್ಲ. ಕೃಷ್ಣಮ್ಮನ ಕಾಯಿದೆ ಹಾಳಾಗಲಿ ಎಂದು ಆ ಜೋಡಿಯನ್ನೇ ಮೇಲೆ ತಂದು, ಗಂಡನ ಮುಂದೆ ಕುಕ್ಕಿದಳು.

"ಇದೇನ್ರಿ?"

"ಶೂ."

"ಅದು ನನಗೂ ಕಾಣ್ತೈತಿ. ಈ ಗೀರು ಗೇರ್ ಹಾಕಿದ್ದಲ್ಲೇನು? ನನ್ನ ತಲಿ ಮುಟ್ಟಿ ಆಣಿ ಮಾಡಿದ್ರಿ. ನಾಳೆ ಮುಂಜಾನೆ ನಾ ತವರಿಗೆ ಹೊಂಟೆ. ನೀವು ಗಾಡಿ ಹೊಡಕೊಂಡು ಆರಾಮ ಇರ್ರಿ."

ಹನುಮೇಶ ಶೂ ಎತ್ತಿ ತಿರುಗಿಸಿ ನೋಡಿದ. "ಇದು ನಂದಲ್ಲ."

"ಸುಳ್ಳು ಹೇಳಾಕ ನಾಚಿಕಿ ಬರಂಗಿಲ್ಲೇನು? ನಮ್ಮ ಜಾಗದಾಗ ಇತ್ತು!"

ಅವನು ಕುಂಟುತ್ತ ಕೆಳಗಿಳಿದ. ಇನ್ನೊಂದು ಜೋಡಿ ಹಿಡಿದು ಬಂದ. ಎರಡೂ ಶೂಗಳ ಮೂತಿ ತರಚಿತ್ತು, ಮೇಲೆ ಧೂಳು ಕೂತಿತ್ತು. ಬಲಗಾಲಿನದನ್ನು ಮಗುಚಿ ಅವಳ ಮುಂದಿಟ್ಟ. ಹಿಮ್ಮಡಿಯ ಹೊರ ಅಂಚು ಓರೆಯಾಗಿ ಸವೆದುಹೋಗಿತ್ತು. ರಾಡು ಹಾಕಿದ ಮೇಲೆ ಅವನು ನಡೆಯುವುದೇ ಹಾಗೆ.

"ಹಬ್ಬದ ಮುಂದ ಕೃಷ್ಣಮ್ಮ ಸ್ಟ್ಯಾಂಡ್ ತೊಳದು, ನಮ್ಮ ಜಾಗದಾಗ ಬ್ಯಾರೆಯವರದು ಇಟ್ಟು, ನನ್ನ ಶೂ ಕೆಳಗಿನ ಸಾಲಿಗೆ ಇಟ್ಟಿದ್ರು. ನಾನೂ ಅಲ್ಲೇ ಬಿಡಾಕತ್ತಿದ್ದೆ, ನಿನಗ ಗುರುತು ಸಿಗತೈತಿ ಅಂತ. ಮೂರು ವಾರದಾಗ ನೀ ಒಂದಿನಾನೂ ಕೈ ಹಚ್ಚಲಿಲ್ಲ. ಗೇಟಿನಾಗ ಎಲ್ಲಾರ ಮುಂದ ನಿಲ್ಲಿಸಿ ಬೈದ್ರು. ಕುಂಟನ ಸೇವಾ ಮಾಡಿ ನಿನಗ ಬ್ಯಾಸರಾತು ಅಂತ ತಿಳಕೊಂಡೆ."

ಕೆಳಗಿನಿಂದ ಯಮನೂರನ ದನಿ ಕೇಳಿತು. "ಕೃಷ್ಣಮ್ಮಾರ, ನನ್ನ ಶೂ ಎಲ್ರಿ? ದಿನಾ ಪಾಲಿಶ್ ಮಾಡಿ ಅಲ್ಲೇ ಇಡ್ತಿದ್ರಲ್ರಿ?"

ಸುಮಂಗಲಾಳಿಗೆ ನಗು ಬರಬೇಕಿತ್ತು, ಅಳು ಬಂತು. ದಿನಾ ಸಂಜೆ ಯಮನೂರನ ಶೂ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ್ದಾಳೆ, ಕಣ್ಣೆಲ್ಲ ಆ ಗೀರಿನ ಮೇಲೆ. ತಾನೇ ಊರುಗೋಲು ಹಿಡಿಸಿ ನಡೆಯಲು ಕಲಿಸಿದ ಕಾಲಿನ ಶೂ ಇದೇನಾ ಎಂದು ಒಮ್ಮೆಯೂ ಮಗುಚಿ ನೋಡಲಿಲ್ಲ.

"ಆಣಿ ಮುರದೀನಿ ಅಂತ ಹೆಂಗ ನಂಬಿದಿ?" ಎಂದ ಹನುಮೇಶ.

"ನನಗ ಬ್ಯಾಸರಾತು ಅಂತ ನೀವು ಹೆಂಗ ನಂಬಿದ್ರಿ?"

ಅವಳು ಟೂತ್‌ಪೇಸ್ಟ್ ತಂದು, ಗಂಡನ ಜೋಡಿಯನ್ನು ಹತ್ತಿರ ಎಳೆದುಕೊಂಡು ನೆಲಕ್ಕೆ ಕೂತಳು. ಬಿಡು, ನಾನೇ ಮಾಡ್ಕೋತೀನಿ ಎಂದು ಅವನು ಕೈ ಚಾಚಿದ. ಎಡಗಾಲಿನದನ್ನು ಕೊಟ್ಟಳು. ಬಲಗಾಲಿನದನ್ನು ಮಾತ್ರ ಎದೆಗೆ ಅವಚಿಕೊಂಡೇ ತಿಕ್ಕತೊಡಗಿದಳು.